ಸಹಾಯ ಬೇಕು: 16 ಜಿಬಿ ಯಂತ್ರದಲ್ಲಿ ನನ್ನ ಗ್ರಾಫಿಕ್ಸ್ ಡ್ರೈವರ್ ಕಸ ತೋರಿಸುತ್ತಿದೆ

ನಮಸ್ಕಾರ ರೀ, ಬೆಳಗಾವಿಯ ಟಿಳಕವಾಡಿಯಿಂದ ಬರೆಯುತ್ತಿದ್ದೇನೆ. ಗುಜರಿಯಲ್ಲಿ ಸಿಕ್ಕ ಹಳೇ ಪಿಸಿಐ ಗ್ರಾಫಿಕ್ಸ್ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಸುಮ್ನೆ ಕಲಿಯೋಕೆ ಅಂತ.

2 ಜಿಬಿ ಯಂತ್ರದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. 16 ಜಿಬಿ ಇರುವುದರಲ್ಲಿ ಪರದೆ ತುಂಬ ಕಸ. ಬೂಟ್ ಮಾಡುವಾಗ ಮೆಮೊರಿಯನ್ನು 3 ಜಿಬಿಗೆ ಮಿತಿಗೊಳಿಸಿದರೆ ಮತ್ತೆ ಸರಿ! ಕಾರ್ಡ್ 32 ಬಿಟ್ ಮೆಮೊರಿ ವಿಳಾಸವನ್ನಷ್ಟೇ, ಅಂದರೆ 4 ಜಿಬಿವರೆಗಿನದ್ದನ್ನಷ್ಟೇ, ಓದುತ್ತದೆ. ಚಿತ್ರದ ಪುಟ (ಮೆಮೊರಿಯ ಸಣ್ಣ ತುಂಡು) 4 ಜಿಬಿ ಆಚೆ ಸಿಕ್ಕರೆ ವಿಳಾಸದ ಮೇಲಿನ ಬಿಟ್‌ಗಳು ಕತ್ತರಿಸಿ ಹೋಗುತ್ತವೆ. ಆಮೇಲೆ ಕಾರ್ಡ್ ಬೇರೆಯವರ ಮನೆ ಬಾಗಿಲು ಬಡಿಯುತ್ತದೆ, ಅಲ್ವಾ?

ಡಿಎಂಎ ಮಾಸ್ಕ್ (ಕಾರ್ಡ್ ತಾನೇ ನೇರವಾಗಿ ಮೆಮೊರಿ ಮುಟ್ಟುವಾಗಿನ ವಿಳಾಸದ ಮಿತಿ) 32 ಬಿಟ್‌ಗೆ ಇಟ್ಟು ನೋಡಿದೆ. ಈ ಬೋರ್ಡಿನಲ್ಲಿ ಐಒಎಂಎಂಯು (ಕಾರ್ಡ್ ಕೇಳುವ ವಿಳಾಸವನ್ನು ನಿಜವಾದ ಮೆಮೊರಿ ವಿಳಾಸಕ್ಕೆ ಬದಲಿಸುವ ಘಟಕ) ಇಲ್ಲ, ಹಾಗಾಗಿ ಕರ್ನಲ್ (ಲಿನಕ್ಸಿನ ತಿರುಳು) ಎಸ್‌ಡಬ್ಲ್ಯೂಐಒಟಿಎಲ್‌ಬಿ ಬೌನ್ಸ್ ಬಫರಿಗೆ (ಕಾರ್ಡಿಗೆ ಎಟುಕುವ ತಾತ್ಕಾಲಿಕ ಮೆಮೊರಿ ಜಾಗಕ್ಕೆ) ನಕಲು ಮಾಡಲು ಹೋಗಿ, ಬಫರ್ ತುಂಬಿದೆ ಎನ್ನುತ್ತದೆ. ಅಲ್ಲಿ ಒಂದು ಮ್ಯಾಪಿಂಗಿಗೆ (ಒಂದು ಸಲಕ್ಕೆ ಕಾರ್ಡಿಗೆ ಒಪ್ಪಿಸುವ ತುಂಡಿಗೆ) 256 ಕೆಬಿ ಮಿತಿ. ನನ್ನ 1920×1080 ಫ್ರೇಮ್ ಸುಮಾರು 8 ಎಂಬಿ.

ಕಾರ್ಡಿನೊಳಗೆ ಪುಟಪಟ್ಟಿ (ಯಾವ ಪುಟ ಎಲ್ಲಿದೆ ಎಂಬ ಪಟ್ಟಿ) ಇದೆ, ಒಂದೇ ದೊಡ್ಡ ತುಂಡು ಬೇಕಿಲ್ಲ. ಹಾಗಿದ್ದರೆ ಜಿಎಫ್‌ಪಿ ಡಿಎಂಎ32 (4 ಜಿಬಿ ಒಳಗಿನ ಪುಟವನ್ನೇ ಕೊಡು ಎನ್ನುವ ಗುರುತು) ಹಾಕಿ ಬಿಡಿ ಪುಟ ತೆಗೆದುಕೊಂಡು ಸ್ಕ್ಯಾಟರ್ ಲಿಸ್ಟ್ (ಚದುರಿದ ಪುಟಗಳ ಪಟ್ಟಿ) ಮಾಡಲೇ? ಅಥವಾ ಸಿಎಂಎಯಿಂದ (ಒಟ್ಟಾದ ದೊಡ್ಡ ತುಂಡು ಕೊಡಲು ಕಾದಿರಿಸಿದ ಮೆಮೊರಿಯಿಂದ) ಕೊಹೆರೆಂಟ್ ಬಫರ್ (ಸಿಪಿಯು, ಕಾರ್ಡ್ ಎರಡಕ್ಕೂ ಒಂದೇ ಮಾಹಿತಿ ಕಾಣುವ ಜಾಗ) ಪಡೆಯಲೇ? ನನಗೆ ಮೊದಲನೆಯದೇ ಒಳ್ಳೆಯದು ಅನ್ನಿಸುತ್ತದೆ. ಮಾಡಿ ನೋಡಿದವರು ಹೇಳಿ. ಹೊಸ ಕಾರ್ಡ್ ತಗೋ ಅನ್ನಬೇಡಿ ಮಾತ್ರ. ಬೆಳಗಾವಿ, ಬಾಗಲಕೋಟೆ ಕಡೆ ಯಾರಾದರೂ ಇದ್ದರೆ ನಾನೇ ಯಂತ್ರ ಹೊತ್ತು ಬರುತ್ತೇನೆ.