ಏರ್‌ಪೋರ್ಟ್ ಕಡಿ ಪ್ಲಾಟ್ ಅದ, ಪಾಲಿಕೆ ಸಭಾಕ್ಕ ಏನಂತ ಬರದು ಕೊಡ್ಬೇಕ್ರಿ? ಅನುಭವ ಇದ್ದವ್ರು ಹೇಳ್ರಿ

ಪ್ರಶ್ನೆ:
ನಮಸ್ಕಾರ ರಿ. ಕಲಬುರಗಿ ಸೇಡಂ ರೋಡಿಗಿ ನಮ್ಮಪ್ಪಾರು ತಗೊಂಡಿಟ್ಟ 30-40 ಪ್ಲಾಟ್ ಒಂದು ಅದ, ಕೆಳಗೊಂದು ಮ್ಯಾಲೆರಡು ಕಟ್ಟಬೇಕಂತ ಇದ್ದೀವಿ. ಈಗ ನಮ್ಮ ವಾರ್ಡ್ ಮೆಂಬರ್ ಹೇಳ್ಲತ್ತಾರ, ಏರ್‌ಪೋರ್ಟ್ ಸುತ್ತಮುತ್ತ ಕಟ್ಟಡ ನಿಯಮ ಬಿಗಿ ಮಾಡೋ ವಿಷಯ ಸಾಮಾನ್ಯ ಸಭಾಕ್ಕ ಬರ್ತದ ಅಂತ. ಅಲ್ಲದ ನಮ್ಮ ಮಾವನೋರ ತೊಗರಿ ಹೊಲ ಆ ಕಡಿನೇ ಅದ, ಮುಂದ ಅದೂ ಹೋಗ್ತದ ಅಂತ ಸುದ್ದಿ ಹಬ್ಬ್ಯಾದ. ಸಭಾಕ್ಕ ಹೋಗಿ ವಿರೋಧ ಮಾಡ್ಬೇಕೋ, ಅರ್ಜಿ ಕೊಡ್ಬೇಕೋ, ಯಾರಿಗಿ ಕೊಡ್ಬೇಕೋ ಒಂದೂ ತಿಳಿವಲ್ದು. ಇದರಾಗ ಓಡಾಡಿದವ್ರು ದಯಮಾಡಿ ಹೇಳ್ರಿ.

ಉತ್ತರ (ಪ್ಲಾನ್ ಡ್ರಾಯಿಂಗ್ ಕೆಲಸ ಮಾಡಾವ, ಕಲಬುರಗಿ):
ತಮ್ಮಾ, ಮೊದ್ಲು ಒಂದು ಮಾತು ಗಟ್ಟಿ ತಿಳ್ಕೋ. ಎತ್ತರದ ಲೆಕ್ಕ ಪಾಲಿಕೆ ಕೈಯಾಗ ಇಲ್ಲ. ಸಭಾದಾಗ ಮೆಂಬರ್ಸ್ ಎಷ್ಟೇ ಜೋರು ಮಾಡಿದ್ರೂ, ಬಿಗಿ ಮಾಡ್ರಿ ಅಂದ್ರೂ ಸಡಿಲ ಮಾಡ್ರಿ ಅಂದ್ರೂ, ಆ ಲೆಕ್ಕ 2015ರಾಗ ಕೇಂದ್ರದ ವಿಮಾನಯಾನ ಮಂತ್ರಾಲಯ ಹೊರಡಿಸಿದ ಎತ್ತರ ನಿರ್ಬಂಧ ನಿಯಮದ ಪ್ರಕಾರನೇ ನಡೀತದ, ಎನ್‌ಒಸಿ, ಅಂದ್ರ ನಮ್ಮ ತಕರಾರಿಲ್ಲ ಅನ್ನೋ ಪತ್ರ, ಕೊಡಾವ್ರು ಏರ್‌ಪೋರ್ಟ್ ಅಥಾರಿಟಿಯವ್ರು. ಅದರ ಅರ್ಜಿ ಆನ್‌ಲೈನ್ ಅದ, ನೋಕಾಸ್ ಅಂತಾರ ಅದಕ್ಕ.

ಆದ್ರ ಎಲ್ಲಾ ಮನಿಗೂ ಎನ್‌ಒಸಿ ಬೇಕು ಅಂತಿಲ್ಲ. ಏರ್‌ಪೋರ್ಟಿಗಿ ಬಣ್ಣ ಹಾಕಿದ ನಕಾಶಿ ಮಾಡ್ತಾರ, ಚೌಕ ಚೌಕ ಇರ್ತದ, ಒಂದೊಂದು ಬಣ್ಣಕ್ಕ ಇಷ್ಟು ಎತ್ತರದ ತನಕ ಸ್ಥಳೀಯ ಸಂಸ್ಥೆನೇ ಪರವಾನಗಿ ಕೊಡಬಹುದು ಅಂತ ಬರ್ದಿರ್ತದ. ಕೆಂಪು ಬಣ್ಣದಾಗ ಬಿದ್ರ ಮಾತ್ರ ಎತ್ತರ ಎಷ್ಟೇ ಇರ್ಲಿ ಎನ್‌ಒಸಿ ತರ್ಲೇಬೇಕು. ಹಿಂಗಾಗಿ ನಿನ್ನ ಪ್ಲಾಟ್ ಯಾವ ಬಣ್ಣದಾಗ ಬರ್ತದ ಅಂತ ನೋಡೋದೇ ಮೊದಲ್ನೇ ಕೆಲಸ, ಸಭಾ ಗಿಭಾ ಎಲ್ಲಾ ಆಮ್ಯಾಲ.

ಮಂದಿ ಗೊಂದಲಕ್ಕ ಬೀಳೋದು ಇಲ್ಲೇ ನೋಡು. ಆ ನಕಾಶಿದಾಗ ಕೊಟ್ಟ ಎತ್ತರ ಸಮುದ್ರ ಮಟ್ಟದಿಂದ, ನೆಲದಿಂದ ಅಲ್ಲ. ಉದಾಹರಣೆಗಿ ನಿನ್ನ ಚೌಕಕ್ಕ 490 ಮೀಟರ್ ಅಂತ ಬರ್ದಿದ್ದು ನಿನ್ನ ಜಾಗ ಸಮುದ್ರ ಮಟ್ಟದಿಂದ 465 ಮೀಟರ್ ಮ್ಯಾಲಿದ್ರ ನಿನಗ ಉಳಿಯೋದು 25 ಮೀಟರ್ ಅಷ್ಟೇ. ಆ 25ರಾಗ ಸ್ಲ್ಯಾಬ್, ಪ್ಯಾರಾಪೆಟ್, ಮೆಟ್ಟಲಿನ ಹೆಡ್‌ರೂಮ್, ಮ್ಯಾಲಿನ ನೀರಿನ ಟ್ಯಾಂಕ್, ಮೊಬೈಲ್ ಟವರ್ ಹಾಕ್ಸಿದ್ರ ಅದೂ, ಎಲ್ಲಾ ಸೇರ್ತದ. ಕೆಳಗೊಂದು ಮ್ಯಾಲೆರಡು ಅಂದ್ರ ಟ್ಯಾಂಕ್ ಹಿಡ್ದು 13-14 ಮೀಟರ್ ಆಗಬಹುದು, ಅಂದ್ರ ಇಂಥಾ ಚೌಕದಾಗ ಆರಾಮ್ ಕೂಡ್ತದ. ರನ್‌ವೇ ತುದಿಗಿ ನೇರ, ವಿಮಾನ ಇಳಿಯೋ ಸಾಲಿನ್ಯಾಗ ಇದ್ರ ಮಾತು ಬ್ಯಾರೆ, ಅಲ್ಲಿ ಒಂದು ಮಹಡಿಗೂ ತಕರಾರು ಬರಬಹುದು.

ಎನ್‌ಒಸಿ ಬೇಕಾದ್ರ ಜಾಗದ ಅಕ್ಷಾಂಶ ರೇಖಾಂಶ, ಸಮುದ್ರ ಮಟ್ಟದಿಂದ ಎತ್ತರ ಎರಡೂ ಅಳತಿ ಮಾಡಿಸಿ ಸರ್ಟಿಫಿಕೇಟ್ ತಗೋಬೇಕು. ಮೊಬೈಲ್ ಆ್ಯಪಿನ್ಯಾಗ ನೋಡಿ ಬರ್ದ ನಂಬರ್ ನಡ್ಯಂಗಿಲ್ಲ. ನನ್ನ ಹತ್ರ ಬಂದ ಒಂದು ಕೇಸಿನ್ಯಾಗ ಅಳತಿ ಮಾಡಿದವ ಪ್ಲಾಟಿನ ಮೂಲಿ ಬಿಟ್ಟು ರೋಡಿನ ಮ್ಯಾಲ ಮಷೀನ್ ಇಟ್ಟು ನಂಬರ್ ತಗೊಂಡಿದ್ದ, ರೋಡ್ ಎತ್ತರ, ಪ್ಲಾಟ್ ತಗ್ಗು, ಆ ಪುಣ್ಯಾತ್ಮರಿಗಿ ಸುಮ್ಮನ ಎರಡು ಮೀಟರ್ ಎತ್ತರ ಕಡಿಮಿ ಬಂತು. ಮಷೀನ್ ಇಡೋವಾಗ ನೀನೇ ಹೋಗಿ ನಿಂದ್ರು, ನಾಕೂ ಮೂಲಿ ತಗೊ ಅನ್ನು.

ಹಂಗಾರ ಪಾಲಿಕೆ ಕೈಯಾಗ ಏನದ ಅಂದ್ರ ರೋಡ್, ಗಟಾರ, ತೆರಿಗಿ, ಕಸ, ಮಾಂಸದ ಅಂಗಡಿ ಲೈಸೆನ್ಸ್. ಇವು ಸಣ್ಣವಲ್ಲ. 1937ರ ವಿಮಾನ ನಿಯಮದಾಗ 91ನೇದ್ದು ಅಂತ ಒಂದದ, ಏರ್‌ಪೋರ್ಟಿನಿಂದ 10 ಕಿಲೋಮೀಟರ್ ಒಳಗ ಬಯಲಾಗ ಪ್ರಾಣಿ ಕಡಿಯೋದು, ಹಕ್ಕಿ ಸೇರೋವಂಥ ಕಸ ಚೆಲ್ಲೋದು ಮಾಡಂಗಿಲ್ಲ, ಯಾಕಂದ್ರ ಹದ್ದು ಬಂದು ಇಂಜಿನ್‌ಗಿ ಬಡದ್ರ ಒಳಗಿದ್ದವ್ರ ಜೀವಾನೇ ಹೋಗ್ತದ. ಸಭಾದಾಗ ಜಗಳ ಆಡ್ಬೇಕಂದ್ರ ಇದರ ಮ್ಯಾಲ ಆಡ್ರಿ, ಕಸದ ಗಾಡಿ ನಮ್ಮ ಲೇಔಟಿಗಿ ದಿನಾ ಬರ್ಲಿ, ಖಾಲಿ ಪ್ಲಾಟಿನ್ಯಾಗ ಕಸ ಒಗಿಯೋದು ನಿಂದ್ರಲಿ ಅಂತ ಕೇಳ್ರಿ. ಇನ್ನ ಯಾವ ಜಾಗ ವಸತಿ, ಯಾವುದು ವಾಣಿಜ್ಯ ಅನ್ನೋದು ಮಾಸ್ಟರ್ ಪ್ಲಾನ್ ವಿಷಯ, ಅದು ಕುಡಾದ್ದು, ಅಂದ್ರ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ಹಿಂದ ಜಿಡಿಎ ಅಂತಿದ್ವಲ್ಲ ಅದೇ. ಕರಡು ಪ್ಲಾನ್ ಹೊರಡಿಸಿದಾಗ ಆಕ್ಷೇಪಣಿಗಿ 60 ದಿನ ಟೈಮ್ ಇರ್ತದ. ಆ ಟೈಮ್ ದಾಟಿದ್ ಮ್ಯಾಲ ಎಷ್ಟ್ ಒದರಿದ್ರೂ ಯಾರೂ ಕೇಳಂಗಿಲ್ಲ.

ಉತ್ತರ (ಏರ್‌ಪೋರ್ಟಿಗಿ ಹೊಲ ಕೊಟ್ಟ ಮನಿತನದಾಂವ):
ಅಣ್ಣಾ, ನಿಮ್ಮ ಮಾವನೋರ ಹೊಲದ ಬಗ್ಗೆ ಮಾತ್ರ ನಾ ಹೇಳ್ತೀನಿ. ಸುದ್ದಿ ಕೇಳಿ ಹೆದರಿ ಯಾವನೋ ಏಜೆಂಟ್‌ಗಿ ಕಡಿಮಿ ರೇಟಿಗಿ ಕೊಡಬ್ಯಾಡ್ರಿ, ಕೈ ಮುಗಿದು ಕೇಳ್ತೀನಿ. ನಮ್ಮ ಏರ್‌ಪೋರ್ಟಿಗಿ 2008ರಾಗ ಅಡಿಗಲ್ಲು ಹಾಕಿದ್ರು, ವಿಮಾನ ಹಾರಿದ್ದು 2019ರ ನವೆಂಬರ್ 22ಕ್ಕ. ನಡಕಿನ ಅಷ್ಟೂ ವರ್ಷ ಊರಾಗ ದಿನಾ ಒಂದೊಂದು ಸುದ್ದಿ, ಹೆದರಿ ಮಾರಿದವ್ರು ಇವತ್ತಿಗೂ ಕಣ್ಣೀರು ಹಾಕ್ತಾರ.

ಖರೇನೇ ನೋಟಿಸ್ ಬಂದ್ರ ಮೊದ್ಲು ಕೇಳ್ಬೇಕಾದ್ದು ಯಾವ ಕಾಯ್ದಿಯಾಗ ತಗೋಲತ್ತೀರಿ ಅಂತ. 2013ರ ಭೂಸ್ವಾಧೀನ ಕಾಯ್ದಿ ಇದ್ರ ಪ್ರಾಥಮಿಕ ಅಧಿಸೂಚನೆ ಬಂದ ಮ್ಯಾಲ ಆಕ್ಷೇಪಣಿಗಿ 60 ದಿನ, ಕೆಐಎಡಿಬಿಯವ್ರು (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತಗೊಂಡ್ರ ಅವ್ರದು 1966ರ ಬ್ಯಾರೆ ಕಾಯ್ದಿ, ಅಲ್ಲಿ 30 ದಿನ. ನಮ್ಮ ಕಾಕಾ ಊರಾಗ ಇದ್ದಿಲ್ಲ, ಮುಂಬೈಗಿ ದುಡಿಲಾಕ ಹೋಗಿದ್ರು, ಪಹಣಿ ಇನ್ನೂ ಸತ್ತ ಅಜ್ಜನ ಹೆಸರಿಗೇ ಇತ್ತು, ಹಿಂಗಾಗಿ ನೋಟಿಸ್ ಅಜ್ಜನ ಹೆಸರಿಗಿ ಬಂದು ವಾಪಸ್ ಹೋಯ್ತು. ಪಹಣಿ ಯಾರ ಹೆಸರಿಗದ, ಬಾವಿ, ಪೈಪ್‌ಲೈನ್, ಬೇವಿನ ಗಿಡ ಎಲ್ಲಾ ದಾಖಲಾಗ್ಯಾವೇನು ಇವತ್ತೇ ನೋಡ್ಸ್ರಿ. ಪರಿಹಾರ ಕಡಿಮಿ ಅನಿಸಿದ್ರ 2013ರ ಕಾಯ್ದಿಯಾಗ 64ನೇ ಕಲಮಿನ ಪ್ರಕಾರ ಹೆಚ್ಚಿಗಿ ಕೇಳಬಹುದು, ಆದ್ರ ಐತೀರ್ಪು, ಅಂದ್ರ ಪರಿಹಾರ ಇಷ್ಟು ಅನ್ನೋ ಆದೇಶ, ಕೊಡೋವಾಗ ನೀವು ಅಲ್ಲಿದ್ರ ಆರೇ ವಾರ ಟೈಮು. ರೊಕ್ಕ ತಗೋವಾಗ ‘ತಕರಾರು ಕಾಯ್ದಿರಿಸಿ ತಗೊಂಡೀನಿ’ ಅಂತ ಕೈಲೇ ಬರ್ದು ಸಹಿ ಮಾಡ್ರಿ. ಖಾಲಿ ಕಾಗದಕ್ಕ ಮಾತ್ರ ಯಾರು ಹೇಳಿದ್ರೂ ಹೆಬ್ಬೆಟ್ಟು ಒತ್ತಬ್ಯಾಡ್ರಿ.

ಉತ್ತರ (ಬೀದರ್, ಚಿದ್ರಿ ಕಡಿ):
ನಮ್ಮಲ್ಲಿ ಪರಿಸ್ಥಿತಿ ಬ್ಯಾರೆ ಅಣ್ಣಾರ. ಇಲ್ಲಿ ರನ್‌ವೇ ವಾಯುಪಡೆದು, ಹಿಂಗಾಗಿ ಎನ್‌ಒಸಿ ವಾಯುಪಡೆಯವ್ರ ಹತ್ರನೇ ಕೇಳ್ಬೇಕು, ಅದರ ಮ್ಯಾಲ 1903ರ ರಕ್ಷಣಾ ಕಾಮಗಾರಿ ಕಾಯ್ದಿ (ರಕ್ಷಣಾ ಜಾಗದ ಹತ್ರ ಕಟ್ಟೋದಕ್ಕ ನಿರ್ಬಂಧ ಹಾಕೋದು) ಬ್ಯಾರೆ, ಕಂಪೌಂಡಿಗಿ ಹತ್ತಿ ಇದ್ದ ಜಾಗ ತಗೋಳಾವ್ರು ನೂರು ಸಲ ವಿಚಾರ ಮಾಡ್ರಿ. ಬೀದರ್ ಓದುಗರು ಮ್ಯಾಲಿನ ಉತ್ತರ ನೋಡಿ ನೋಕಾಸ್‌ನಾಗ ಅರ್ಜಿ ಹಾಕಿ ಕುಂದ್ರಬಾರ್ದು ಅಂತ ಇದು ಬರದೆ. ಮತ್ತ ಸ್ಥಳೀಯ ಸಭಾದ ಠರಾವಿನಿಂದ ಎಲ್ಲಾ ಆಗ್ತದ ಅನ್ನೋರಿಗಿ ಒಂದ್ ಮಾತು, ಹೈದರಾಬಾದ್ ಏರ್‌ಪೋರ್ಟ್ ಒಪ್ಪಂದದಾಗ 150 ಕಿಲೋಮೀಟರ್ ಒಳಗ ಇನ್ನೊಂದು ಬ್ಯಾಡ ಅನ್ನೋ ಷರತ್ತಿತ್ತು, ಅದು ಬಗಿಹರಿಯೋ ತನಕ ನಮ್ಮ ಬೀದರಿಗಿ ವಿಮಾನ ಬರ್ಲಿಲ್ಲ, 2020ರ ಫೆಬ್ರವರಿಯಾಗ ಬಂತು. ಎಷ್ಟು ಮನವಿ ಕೊಟ್ಟೀವಿ ನಾವು, ಎಲ್ಲಾ ಡಿಸಿ ಆಫೀಸಿಗೇ. ಕೀಲಿ ಯಾರ ಹತ್ರ ಅದ ಅಂತ ನೋಡಿ ಅವ್ರ ಬಾಗಿಲಾನೇ ಬಡೀರಿ.

ಉತ್ತರ (ನಿವೃತ್ತ ಶಿಕ್ಷಕಿ, ಕಲಬುರಗಿ):
ತಮ್ಮಾ, ಸಾಮಾನ್ಯ ಸಭಾದಾಗ ನಾಗರಿಕರು ಕುಂತು ಕೇಳಬಹುದು ಅಷ್ಟೇ, ಮಾತಾಡೋದು ಮೆಂಬರ್ಸ್. ಅದಕ್ಕ ನಿಮ್ಮ ಮೆಂಬರ್‌ಗಿ ಬಾಯಿಲೇ ಹೇಳಿ ಬಿಡಬ್ಯಾಡ. ಒಂದೇ ಪುಟದ ಪತ್ರ ಬರಿ, ಸರ್ವೆ ನಂಬರ್, ಪ್ಲಾಟ್ ನಂಬರ್ ಹಾಕು, ಲೇಔಟಿನ ಹತ್ತು ಹದಿನೈದು ಮಂದಿ ಸಹಿ ಮಾಡ್ರಿ, ಆಯುಕ್ತರ ಹೆಸರಿಗಿ ಟಪಾಲಿನ್ಯಾಗ ಕೊಟ್ಟು ನಿನ್ನ ಪ್ರತಿ ಮ್ಯಾಲ ಸೀಲು, ತಾರೀಖು ಹಾಕ್ಸ್ಕೊ, ಅದರದೇ ಜೆರಾಕ್ಸ್ ಮೆಂಬರ್‌ಗಿ ಕೊಡು. ಸಭಾ ಆದ ಮ್ಯಾಲ ನಡಾವಳಿ ಪ್ರತಿ ಬೇಕು ಅಂತ ಮಾಹಿತಿ ಹಕ್ಕಿನ್ಯಾಗ ಹಾಕು, 10 ರೂಪಾಯಿ ಫೀ, ಒಂದು ಅರ್ಜಿಗಿ ಒಂದೇ ವಿಷಯ, 150 ಶಬ್ದ ದಾಟಬಾರ್ದು, ದಾಟಿದ್ರ ಅದೇ ನೆವ ಮಾಡಿ ವಾಪಸ್ ಕಳಿಸ್ತಾರ. ಪತ್ರ ಬರೀಲಾಕ ತೊಂದ್ರಿ ಆದ್ರ ಇಲ್ಲೇ ಹಾಕು, ನಾ ತಿದ್ದಿ ಕೊಡ್ತೀನಿ.