‘ರೆಂಡರಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಮೂರು ಪದಗಳ ಹತ್ತಿರ ಗಾಡಿ ನಿಂತುಬಿಟ್ಟಿದೆ.

ಹಿನ್ನೆಲೆ ಇಷ್ಟು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಲಾವಿದರಿಗೆ ಕೆಲಸವಿರಲಿಲ್ಲ. ಸಂಬಳ ಕೊಟ್ಟು ಕೆಲಸ ಮಾಡಿಸಲು ಸರ್ಕಾರ ಫೆಡರಲ್ ಆರ್ಟ್ ಪ್ರಾಜೆಕ್ಟ್ ಶುರು ಮಾಡಿತು. ಅದರ ಒಂದು ಕವಲು ಈ ಇಂಡೆಕ್ಸ್. 1935ರಿಂದ 1942ರವರೆಗೆ ನೂರಾರು ಕಲಾವಿದರು ಹಳೆಯ ಕುರ್ಚಿ, ಹೂಜಿ, ಆಟಿಕೆ, ಕುದುರೆಯ ಜೀನು, ಹಡಗಿನ ಮೂತಿಗೆ ಕೂರಿಸುತ್ತಿದ್ದ ಮರದ ಗೊಂಬೆ ಎಲ್ಲವನ್ನೂ ಜಲವರ್ಣದಲ್ಲಿ ಬರೆದರು. 18,000ಕ್ಕೂ ಜಾಸ್ತಿ ಚಿತ್ರಗಳು ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿವೆ. (ಹೆಸರಲ್ಲಿ ‘ಅಮೆರಿಕನ್’ ಇದ್ದರೂ ಅಲ್ಲಿನ ಮೂಲನಿವಾಸಿಗಳ ಕಸುಬನ್ನು ಹೊರಗಿಟ್ಟಿದ್ದರು. ಅದು ಬೇರೆಯದೇ ಕಥೆ.)

ಈ ಚಿತ್ರಗಳನ್ನು ಅವರು ‘ರೆಂಡರಿಂಗ್’ ಎನ್ನುತ್ತಾರೆ. ‘ನಕಲು’ ಎಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗಾಗುತ್ತದೆ. ‘ಪ್ರತಿಕೃತಿ’ ಎಂದರೆ ಇನ್ನೊಂದು ಕುರ್ಚಿಯನ್ನೇ ಮಾಡಿಟ್ಟಂತೆ ಕೇಳಿಸುತ್ತದೆ. ಸುಮ್ನೆ ‘ಚಿತ್ರ’ ಎಂದರೆ ಸಾಲದು, ಅದು ಕಲಾವಿದ ತನಗೆ ತೋಚಿದಂತೆ ಬರೆದದ್ದೂ ಆಗಬಹುದು ಅಲ್ವಾ? ಇಲ್ಲಿ ಹಾಗಿಲ್ಲ. ಖಾಲಿ ಹಾಳೆಯ ನಡುವೆ ಸಾಮಾನು ಒಂದೇ. ಹಿಂದೆ ಗೋಡೆಯಿಲ್ಲ, ಕೆಳಗೆ ಮೇಜಿಲ್ಲ. ತೆಳು ಬಣ್ಣವನ್ನು ಪದರ ಪದರವಾಗಿ ಹಚ್ಚಿರುತ್ತಾರೆ. ಬಟ್ಟೆಯಾದರೆ ಎಳೆ ಎಳೆಯೂ ಕಾಣುತ್ತದೆ. ಕಬ್ಬಿಣವಾದರೆ ತುಕ್ಕು, ಮರವಾದರೆ ಬಿರುಕು, ಬಣ್ಣ ಎದ್ದುಹೋದ ಜಾಗ. ಚೆಂದ ಮಾಡಿ ಬರೆಯುವ ಹಾಗಿಲ್ಲ. ಈಜಿಪ್ಟಿನ ಪುರಾತನ ವಸ್ತುಗಳನ್ನು ದಾಖಲಿಸುತ್ತಿದ್ದವರ ವಿಧಾನವನ್ನೇ ಇವರೂ ಕಲಿತದ್ದು.

ನನಗೆ ಹೊಳೆದದ್ದು ‘ಪಡಿಚಿತ್ರ’. ಪಡಿಯಚ್ಚು, ಪಡಿನೆಳಲು ಇದ್ದಾವಲ್ಲ, ಆ ದಾರಿಯಲ್ಲಿ. “ರೇಷನ್ ಅಂಗಡಿಯ ಚಿತ್ರವಾ?” ಎಂದು ಮನೆಯಲ್ಲಿ ನಕ್ಕರು.

ಇನ್ನೊಂದು ತೊಡಕು ‘ಫೋಕ್ ಆರ್ಟ್’. ‘ಜಾನಪದ ಕಲೆ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಡೊಳ್ಳು ಕುಣಿತ, ಕಂಸಾಳೆ. ಮೊಸರಿನ ಗಡಿಗೆ ಬರುವುದಿಲ್ಲ. ‘ಕರಕುಶಲ ವಸ್ತು’ ಎಂದರೆ ಎಂಪೋರಿಯಂನಲ್ಲಿ ಮಾರಲು ಇಟ್ಟದ್ದೇ ನೆನಪಾಗುತ್ತದೆ. ‘ಕೈಕಸುಬು’ ಇಷ್ಟ, ಆದರೆ ಅದು ಕೆಲಸದ ಹೆಸರು, ವಸ್ತುವಿನದಲ್ಲ.

‘ಕ್ವಿಲ್ಟ್’ಗೆ ಮಾತ್ರ ಧೈರ್ಯವಾಗಿ ‘ಕೌದಿ’ ಎಂದೇ ಬರೆದಿದ್ದೇನೆ. ಅವರದರಲ್ಲಿ ನಡುವೆ ಹತ್ತಿಯ ಪದರ ಇರುತ್ತದೆ. ನಮ್ಮದು ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ತುಂಡುಗಳನ್ನು ಜೋಡಿಸಿ ಹೊಲಿದದ್ದು. ಉತ್ತರ ಕರ್ನಾಟಕದವರು ಒಪ್ಪುತ್ತೀರಾ?

ಪದ ಹುಡುಕಲು ಒಂದು ಸುಳಿವೂ ಇದೆ. ಈ ಯೋಜನೆ ಮೊದಲು ಹೊಳೆದದ್ದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ರೊಮಾನಾ ಜಾವಿಟ್ಸ್ ಮತ್ತು ಬಟ್ಟೆ ವಿನ್ಯಾಸಗಾರ್ತಿ ರೂತ್ ರೀವ್ಸ್ ಅವರಿಗೆ. ರೀವ್ಸ್ 1956ರಲ್ಲಿ ಭಾರತಕ್ಕೆ ಬಂದರು. ಅಖಿಲ ಭಾರತ ಕರಕುಶಲ ಮಂಡಳಿಯ ಜೊತೆ ಕೆಲಸ ಮಾಡಿದರು. ಮಂಡಳಿಯನ್ನು ಕಟ್ಟಿ ಬೆಳೆಸಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ರೀವ್ಸ್ 1966ರಲ್ಲಿ ದೆಹಲಿಯಲ್ಲೇ ತೀರಿಕೊಂಡರು.

ಆ ಕಾಲದ ಕರಕುಶಲ ವರದಿಗಳ ಕನ್ನಡ ರೂಪವನ್ನು ಯಾರಾದರೂ ನೋಡಿದ್ದೀರಾ? ಇಂಥ ಚಿತ್ರಗಳಿಗೆ ಅಲ್ಲಿ ಏನೆಂದು ಬರೆದಿದ್ದಾರೆ? ಬಳಕೆಯಲ್ಲಿದ್ದ ಪದ ಸಿಕ್ಕರೆ ನನ್ನ ‘ಪಡಿಚಿತ್ರ’ವನ್ನು ಈಗಲೇ ಕೈಬಿಡುತ್ತೇನೆ.