'ಗಣನೀಯವಲ್ಲ' ಅಂದರೆ 'ಇಲ್ಲ' ಅಂತಲಾ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಒಂದು ಪದದ ತೊಡಕು ತಂದಿದ್ದೇನೆ.

ನಮ್ಮೂರ ಮಹಿಳಾ ಸಂಘಕ್ಕೆ ಆರೋಗ್ಯದ ಪುಟ್ಟ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಗಂಡಸರಲ್ಲಿ ಔಷಧದ ಪರಿಣಾಮ 'ಸಿಗ್ನಿಫಿಕೆಂಟ್', ಹೆಂಗಸರಲ್ಲಿ 'ನಾನ್-ಸಿಗ್ನಿಫಿಕೆಂಟ್' ಅನ್ನೋ ಮಾತು ಅದರಲ್ಲಿ ಪದೇ ಪದೇ ಬರುತ್ತದೆ. ನಾನು 'ಹೆಂಗಸರಲ್ಲಿ ಗಣನೀಯ ಪರಿಣಾಮ ಇಲ್ಲ' ಅಂತ ಬರೆದೆ. ಕರಡು ಓದಿದ ಅತ್ತಿಗೆ, "ಹಂಗಾರೆ ಈ ಗುಳಿಗೆ ಎಂಗೆ ದಂಡನಾ?" (ನನಗೆ ಈ ಗುಳಿಗೆ ವ್ಯರ್ಥವಾ?) ಅಂದರು. ತಪ್ಪು ಅವರದ್ದಲ್ಲ, ನನ್ನ ಪದದ್ದು.

'ಗಣನೀಯ' ಅಂದ ಕೂಡಲೇ ನಮಗೆ ಹೊಳೆಯೋದು 'ದೊಡ್ಡದು, ಜಾಸ್ತಿ'. ಸಂಖ್ಯಾಶಾಸ್ತ್ರದವರು ಕೇಳೋದು ಬೇರೆ: ಕಂಡ ವ್ಯತ್ಯಾಸ ಸುಮ್ನೆ ಅದೃಷ್ಟದಿಂದಲೂ ಬಂದಿರಬಹುದಾ? ಸೇರಿಸಿದ ಜನ ಕಡಿಮೆ ಇದ್ದರೆ, ನಿಜವಾದ ಗುಣವೂ ಈ ಪರೀಕ್ಷೆಯಲ್ಲಿ ಪಾಸಾಗದೆ ಹೋಗಬಹುದು.

1978ರ ಕೆನಡಾದ ಅಧ್ಯಯನವನ್ನೇ ನೋಡಿ. ಲಕ್ವದ ಮುನ್ಸೂಚನೆ ಕಂಡಿದ್ದ 585 ಜನರಲ್ಲಿ ಹೆಂಗಸರು ಮೂರನೇ ಒಂದು ಭಾಗವೂ ಇರಲಿಲ್ಲ. ಆಸ್ಪಿರಿನ್‌ನಿಂದ ಗಂಡಸರಿಗೆ ಲಾಭ ಕಂಡಿತು, ಹೆಂಗಸರಲ್ಲಿ ಖಚಿತವಾಗಲಿಲ್ಲ. ಈ 'ಖಚಿತವಾಗಲಿಲ್ಲ' ಅನ್ನೋದು 'ಇಲ್ಲ' ಆಗಿಬಿಟ್ಟಿತು! 1980ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಲಕ್ವ ತಡೆಯಲು ಆಸ್ಪಿರಿನ್ ಬಳಸೋದಕ್ಕೆ ಗಂಡಸರಿಗೆ ಮಾತ್ರ ಒಪ್ಪಿಗೆ ಕೊಟ್ಟರು. ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಹೆಂಗಸರಿಗೂ ಲಾಭ ಕಂಡಿತು. ಆ ಒಪ್ಪಿಗೆಯಲ್ಲಿ ಹೆಂಗಸರೂ ಸೇರಿದ್ದು 1998ರಲ್ಲಿ.

ನನ್ನ ತಲೆಗೆ ಬಂದದ್ದು 'ಕಾಕತಾಳೀಯ'. ಕಾಗೆ ಕೂತಿದ್ದಕ್ಕೂ ತಾಳೆಹಣ್ಣು ಬಿದ್ದಿದ್ದಕ್ಕೂ ನಂಟಿದೆಯಾ ಇಲ್ಲವಾ, ಅದೇ ಪ್ರಶ್ನೆ ಅಲ್ವಾ? 'ಹೆಂಗಸರಲ್ಲಿ ಕಂಡದ್ದು ಕಾಕತಾಳೀಯವೂ ಇರಬಹುದು, ಈ ಅಧ್ಯಯನದಿಂದ ಹೇಳಲಾಗದು' ಅಂತ ಬರೆದರೆ ಉದ್ದವಾಯಿತು, ಆದರೆ ಸುಳ್ಳಾಗಲಿಲ್ಲ. ಚಿಕ್ಕದು ಬೇಕಿದ್ದರೆ 'ಖಚಿತವಾಗಿಲ್ಲ'. 'ಕಂಡುಬಂದಿಲ್ಲ' ಅನ್ನೋದು ನನಗೆ ಒಗ್ಗೋದಿಲ್ಲ, ಅವಸರದಲ್ಲಿ ಓದಿದರೆ ಅದೂ 'ಇಲ್ಲ' ಅಂತಲೇ ಕೇಳುತ್ತದೆ.

ಇನ್ನೊಂದು ಗಂಟು ಬಿಡಿಸಿಕೊಡಿ. ಗಂಡಸರಲ್ಲಿ ಖಚಿತ, ಹೆಂಗಸರಲ್ಲಿ ಖಚಿತವಲ್ಲ ಅಂದ ಮಾತ್ರಕ್ಕೆ ಇಬ್ಬರಲ್ಲಿ ಔಷಧ ಬೇರೆ ಬೇರೆ ಥರ ಕೆಲಸ ಮಾಡುತ್ತದೆ ಅಂತಲ್ಲ. ಅದಕ್ಕೆ ಎರಡೂ ಗುಂಪಿನ ಪರಿಣಾಮವನ್ನು ನೇರವಾಗಿ ಹೋಲಿಸಿ ನೋಡಬೇಕು. ಅತ್ತಿಗೆಗೆ ಒಂದೇ ಓದಿಗೆ ತಿಳಿಯೋ ಹಾಗೆ ಇದನ್ನು ಒಂದು ಸಾಲಿನಲ್ಲಿ ಹೇಗೆ ಬರೆಯೋದು?